ಟೈರು ಕೇದಾರನದು, ಉಬ್ಬು ಮುನಿರಾಜುವಿನದು

ಡ್ರೈವರ್ ಮುನಿರಾಜುವಿಗೆ ಹದಿನಾಲ್ಕು ಸಾವಿರ ರೂಪಾಯಿ ಬರಬೇಕಿದೆ. ಕೊಡಬೇಕಾದವನು ಚಾಮರಾಜಪೇಟೆಯ ಪಾತ್ರೆ ವ್ಯಾಪಾರಿ ಮಹಾನಂದ. ಆ ಮನೆಯವರು ಅದನ್ನು ಟೈರಿನ ದುಡ್ಡು ಅನ್ನುತ್ತಾರೆ. ಮುನಿರಾಜು ಸಂಬಳ ಅನ್ನುತ್ತಾನೆ. ಅವನು ಹೇಳುವುದೇ ಸರಿ. ಹೇಗೆಂದು ಕೇಳಿ.

ಮುನಿರಾಜುವಿಗೆ ಈಗ ಐವತ್ತಾರು. ಅಪ್ಪ ಕಲಾಸಿಪಾಳ್ಯದಲ್ಲಿ ಸೊಪ್ಪು ಮಾರುತ್ತಿದ್ದ. ಮಗ ಸೊಪ್ಪು ಹೊರುವುದಕ್ಕಿಂತ ಸೊಪ್ಪು ಹೊರುವ ಗಾಡಿ ಓಡಿಸುವುದು ಮೇಲೆಂದು ಲೈಸೆನ್ಸ್ ಮಾಡಿಸಿದ. ಮಾಲೂರಿನ ಟೊಮೇಟೊ, ಹೊಸಕೋಟೆಯ ಕೋಸು ಹೇರಿಕೊಂಡು ವರ್ಷಗಟ್ಟಲೆ ಮಟಡೋರ್ ಓಡಿಸಿದ. ಡ್ರೈವರುಗಳ ಸಂಘದಲ್ಲಿ ಮುಂದಿನ ಸಾಲಿನವನು. ಟೌನ್‌ಹಾಲ್ ಮೆಟ್ಟಿಲ ಮುಂದೆ ಧರಣಿ ಕೂತು ಪೊಲೀಸ್ ವ್ಯಾನು ಹತ್ತಿದ್ದಾನೆ. “ಓನರ್ ಮುಂದೆ ಬಾಯ್ಮಾತಲ್ಲಿ ಏನೂ ಒಪ್ಕೋಬೇಡ್ರಪ್ಪೋ” ಎಂದು ಮೈಕು ಹಿಡಿದು ಕೂಗಿದ್ದಾನೆ. ಸೊಂಟ ಕೈಕೊಟ್ಟ ಮೇಲೆ ಮಟಡೋರ್ ಬಿಟ್ಟು ಮಹಾನಂದನ ಕಾರಿಗೆ ಬಂದ. ಅಲ್ಲಿ ಹನ್ನೊಂದು ವರ್ಷವಾಯಿತು.

ಆ ಮನೆಯ ಕಾರಿಗೆ ದೊಡ್ಡ ಕೆಲಸವೇನಿಲ್ಲ. ಬೆಳಿಗ್ಗೆ ಮಹಾನಂದನನ್ನು ಪೇಟೆಯ ಅಂಗಡಿಗೆ ಬಿಡಬೇಕು. ಆಮೇಲೆ ಅವನ ತಾಯಿ ವಿಶಾಲಾಕ್ಷಮ್ಮನವರನ್ನು ಬೆನ್ನಿನ ವ್ಯಾಯಾಮಕ್ಕೆಂದು ಬಸವನಗುಡಿಗೆ, ಸೋಮವಾರ ಗವಿಪುರದ ಗಂಗಾಧರೇಶ್ವರನ ಗುಡಿಗೆ ಕರೆದೊಯ್ಯಬೇಕು. ಮೂರನೇ ಗೇರು ಬಿದ್ದರೆ ಅವತ್ತು ಹಬ್ಬ. ಇದು ವಾರದ ಆರು ದಿನದ ಮಾತು. ಭಾನುವಾರ ಬೆಳಗಿನ ಜಾವ ಮಾತ್ರ ಮಹಾನಂದನ ಮಗ ಕೇದಾರ್ ಗೆಳೆಯರ ಜೊತೆ ಏರ್‌ಪೋರ್ಟ್ ರಸ್ತೆಯಲ್ಲಿ ಕಾರು ಹಾರಿಸಿಕೊಂಡು ಹೋಗಿ, ದೋಸೆ ತಿಂದು ಬರುತ್ತಾನೆ. ಹಳೆಯ ಟೈರು ಸವೆದಾಗ ಹೊಸದನ್ನು ಆರಿಸಿದ್ದು ಆ ದೋಸೆ.

ಟೈರಂಗಡಿ ಮುರುಗೇಶನದು, ಜೆ.ಸಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ. ಅವನು ಎರಡು ಟೈರು ಉರುಳಿಸಿಕೊಂಡು ಬಂದು ನಿಲ್ಲಿಸಿದ. ಒಂದು ಮಾಮೂಲಿಯದು, ದಪ್ಪ ಹೊಟ್ಟೆಯದು. ಇನ್ನೊಂದು ಅಗಲ, ಚಪ್ಪಟೆ, ಕಪ್ಪಗೆ ಮಿರಿಮಿರಿ.

“ಇದು ಸಾಫ್ಟ್ ರಬ್ಬರ್ ಸಾರ್, ರೋಡಿಗೆ ಅಂಟ್ಕೊಳತ್ತೆ. ಮಳೇಲೂ ಹಿಡಿತ ಬಿಡಲ್ಲ. ಇನ್ನೂರ ನಲವತ್ತು ಸ್ಪೀಡಿಗೂ ಏನೂ ಆಗಲ್ಲ” ಎಂದು ಮುರುಗೇಶ ಹೇಳಿದ. ಆಮೇಲೆ ದನಿ ತಗ್ಗಿಸಿ, “ಬೇಗ ಸವೆಯತ್ತೆ. ಪಕ್ಕದ ರಬ್ಬರು ಗಿಡ್ಡ, ಗುಂಡೀಲಿ ಹುಷಾರು” ಎಂದ.

“ಆ ಇನ್ನೊಂದು ಅಂಕಲ್‌ಗಳ ಟೈರು” ಎಂದ ಕೇದಾರ್. ಚಪ್ಪಟೆ ಟೈರಿಗೆ ತಕ್ಕ ದೊಡ್ಡ ಅಲಾಯ್ ರಿಮ್ಮನ್ನೂ ಸೇರಿಸಿ ಬಿಲ್ಲು ಮಾಡಿಸಿದ. ಹಳೆಯ ರಿಮ್ಮುಗಳು ಪಾತ್ರೆಯ ಗೋಡೌನಿಗೆ ಹೋದವು.

ಮುನಿರಾಜುವನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ಅವನು ಆ ಚಪ್ಪಟೆಯದನ್ನೇ ಹೇಳುತ್ತಿದ್ದನೇನೋ, ಏಕೆಂದರೆ ಟೈರು ಹಾಕಿದ ಮೇಲೆ ಕಾರು ನಿಂತ ಠೀವಿ ನೋಡಿ ಅವನಿಗೂ ಎದೆ ಉಬ್ಬಿತ್ತು. ಒರೆಸುವ ಬಟ್ಟೆ ತೆಗೆದು ಧೂಳಿಲ್ಲದ ರಿಮ್ಮನ್ನು ಒರೆಸಿದ.

“ಮುನಿರಾಜಣ್ಣ, ಒಂದೊಂದು ಹದಿನಾಲ್ಕು ಸಾವ್ರ. ನೋಡ್ಕೊತೀರಲ್ಲ?” ಎಂದ ಕೇದಾರ್.

“ಅಯ್ಯೋ, ಬಿಡಿ ಸಾರ್. ಟೈರಿಗೆ ಏನಾದ್ರೂ ಆದ್ರೆ ಜವಾಬ್ದಾರಿ ನಂದು.”

ಮೈಕು ಹಿಡಿದು ಊರಿಗೆಲ್ಲ ಬುದ್ಧಿ ಹೇಳಿದವನು ಹೀಗೆ ಬಾಯಿಮಾತಿನಲ್ಲಿ ಸಿಕ್ಕಿಬಿದ್ದ. ಆ ಹೊತ್ತಿಗೆ ಅವನಿಗೆ ಅದು ಮರ್ಯಾದೆಯ ಮಾತಾಗಿತ್ತು. ಕೇದಾರನಿಗೆ ಕರಾರಾಗಿತ್ತು.

ಮೊದಲ ದೂರು ಹಿಂದಿನ ಸೀಟಿನಿಂದ ಬಂತು.

“ಏನೋ ಮುನಿರಾಜು, ಗಾಡಿಗೆ ಚಕ್ರ ಹಾಕಿದಾರೋ ಇಲ್ಲ ಒನಕೆ ಕಟ್ಟಿದಾರೋ?” ಎಂದರು ವಿಶಾಲಾಕ್ಷಮ್ಮ.

“ಹೊಸ ಟೈರು ಅಮ್ಮಾವ್ರೇ. ಗ್ರಿಪ್ ಜಾಸ್ತಿ.”

“ಗ್ರಿಪ್ಪು ನನ್ನ ಸೊಂಟಾನೂ ಹಿಡ್ಕೊಂಡಿದೆ.”

ಟೈರು ಕೆಟ್ಟದ್ದೆಂದು ಯಾರೂ ಹೇಳುವಂತಿಲ್ಲ. ಒಂದು ಮಳೆಯ ದಿನ ರಾಮಕೃಷ್ಣಾಶ್ರಮದ ಹತ್ತಿರ ಸ್ಕೂಟರಿನವನೊಬ್ಬ ಅಡ್ಡ ನುಗ್ಗಿದ. ಮುನಿರಾಜು ಬ್ರೇಕು ಒತ್ತಿದ. ಕಾರು ಮೊಳೆ ಹೊಡೆದಂತೆ ನಿಂತಿತು. ವಿಶಾಲಾಕ್ಷಮ್ಮ ನಿಲ್ಲಲಿಲ್ಲ, ಮುಂದಿನ ಸೀಟಿಗೆ ಹಣೆ ಬಡಿದುಕೊಂಡರು. ಸ್ಕೂಟರಿನವನು ಉಳಿದುಕೊಂಡದ್ದಕ್ಕೆ ಕಾರಿನೊಳಗೆ ಮುನಿರಾಜುವಿಗೆ ಬೈಗುಳ ಬಿತ್ತು.

ಮರುವಾರದಿಂದ ಅವರು ಆಟೋ ಹತ್ತಿದರು. “ಆಟೋದಲ್ಲಿ ಕುಲುಕತ್ತೆ, ಇದ್ರಲ್ಲಿ ಗುದ್ದತ್ತೆ. ಕುಲುಕೋದನ್ನ ತಡ್ಕೋಬಹುದು” ಎಂಬುದು ಅವರ ತೀರ್ಮಾನ. ಆದರೆ ಮಹಾನಂದನಿಗೆ ಬೇರೆ ಚಿಂತೆ. ಮನೆಯಲ್ಲಿ ಕಾರಿಟ್ಟುಕೊಂಡು ಹೆತ್ತ ತಾಯಿಯನ್ನು ಆಟೋದಲ್ಲಿ ಕಳಿಸಿದರೆ ಬೀದಿಯವರು ಏನನ್ನುತ್ತಾರೆ? ಅದಕ್ಕೊಂದು ಏರ್ಪಾಡಾಯಿತು. ಮುಂದೆ ಆಟೋದಲ್ಲಿ ವಿಶಾಲಾಕ್ಷಮ್ಮ, ಹಿಂದೆ ಖಾಲಿ ಕಾರಿನಲ್ಲಿ ಮುನಿರಾಜು. ಇನ್ನೂರ ನಲವತ್ತಕ್ಕೂ ಬೆದರದ ಟೈರು ಹದಿನೈದರ ವೇಗದಲ್ಲಿ ಆಟೋದ ಹೊಗೆ ಕುಡಿಯುತ್ತ ಗವಿಪುರಕ್ಕೆ ಹೋಗಿ ಬರುತ್ತಿತ್ತು. ಆಟೋ ಸ್ಟ್ಯಾಂಡಿನ ಡ್ರೈವರುಗಳು ಸುಮ್ಮನಿರುತ್ತಾರೆಯೇ? “ಏನ್ ಗುರು, ಆಟೋಗೆ ಎಸ್ಕಾರ್ಟಾ?” ಎಂದು ಶುರು ಹಚ್ಚಿಕೊಂಡರು.

ಆಟೋದವನು ಸಂದಿ ಸಿಕ್ಕಲ್ಲಿ ನುಗ್ಗುವವನು. ಒಂದು ಸೋಮವಾರ ಹನುಮಂತನಗರದ ಕಡೆ ಸುತ್ತಿ ಬರುವಾಗ ರಸ್ತೆಗೆ ಅಡ್ಡ ಯಾರೋ ಅಗೆದು, ಅರ್ಧ ಮುಚ್ಚಿ ಹೋಗಿದ್ದ ಕಾಲುವೆಯ ಮೇಲೆ ಆಟೋ ಟಣ್ಣನೆ ಹಾರಿಸಿಕೊಂಡು ಹೋದ. ಅಜ್ಜಿ ಕಣ್ಣಿಗೆ ಮರೆಯಾಗಬಾರದೆಂದು ಮುನಿರಾಜುವೂ ಹಿಂದೆ ಇಳಿಸಿದ. ನೆಲಕ್ಕೆ ಸುತ್ತಿಗೆ ಬಿದ್ದ ಸದ್ದಾಯಿತು. ಇಳಿದು ನೋಡಿದರೆ ಎಡಗಡೆ ಮುಂದಿನ ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆಯಷ್ಟು ಉಬ್ಬು.

“ಒಳಗಡೆ ದಾರ ಕಿತ್ತೋಗಿದೆ. ಪಂಚರ್ ತರ ತೇಪೆ ಹಾಕೋಕಾಗಲ್ಲ. ಯಾವಾಗ ಬೇಕಾದ್ರೂ ಒಡೆಯತ್ತೆ, ಹೊಸದೇ ಹಾಕಿಸ್ಬೇಕು” ಎಂದ ಮುರುಗೇಶ. ಹಾಕಿಸಿದರು.

ಆ ತಿಂಗಳ ಸಂಬಳ ಇಪ್ಪತ್ತೆರಡು ಸಾವಿರದ ಬದಲು ಎಂಟು ಸಾವಿರ ಬಂತು. ಮುನಿರಾಜು ಪಾತ್ರೆ ಅಂಗಡಿಗೆ ಹೋಗಿ ಕೇಳಿದ.

“ನೀವೇ ಹೇಳಿದ್ರಲ್ಲ, ಜವಾಬ್ದಾರಿ ನಂದು ಅಂತ” ಎಂದ ಕೇದಾರ್.

“ನೋಡ್ಕೊಂಡು ಓಡಿಸೋ ಜವಾಬ್ದಾರಿ ಸಾರ್. ಗುಂಡಿ ನಾನ್ ತೋಡಿದ್ನಾ? ಟೈರು ನಾನ್ ಆರಿಸಿದ್ನಾ?”

ಮಹಾನಂದ ಅಷ್ಟು ಹೊತ್ತೂ ಒಂದು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಹನ್ನೊಂದು ವರ್ಷದ ಪರಿಚಯಕ್ಕೆ ಅವನಿಂದ ಬಂದ ಉತ್ತರ ಆ ಮುಚ್ಚಳದ ಸದ್ದು. ವಿಷಯ ತಿಳಿದ ವಿಶಾಲಾಕ್ಷಮ್ಮ ರಾತ್ರಿ ಊಟದ ಹೊತ್ತಿಗೆ ಮಗನಿಗೂ ಮೊಮ್ಮಗನಿಗೂ ಬೈದರಂತೆ. ಇಬ್ಬರೂ ಬೈಸಿಕೊಂಡು ಮಜ್ಜಿಗೆ ಕುಡಿದು ಎದ್ದರಂತೆ.

ಮನೆಯಲ್ಲಿ ಹೆಂಡತಿ ಕುಸುಮಾ ಕೊತ್ತಂಬರಿ ಕಟ್ಟು ಬಿಡಿಸುತ್ತ ಕೂತಿದ್ದಳು. ಎಲ್ಲ ಕೇಳಿದಳು.

“ಊರ್ ಡ್ರೈವರ್‌ಗೆಲ್ಲ ಲೀಡ್ರು ನೀವು. ಜವಾಬ್ದಾರಿ ನಂದು ಅನ್ನುವಾಗ ಬಾಯಲ್ಲಿ ಏನಿಟ್ಕೊಂಡಿದ್ರಿ?”

“ಟೈರು ಚೆನ್ನಾಗಿತ್ತು ಕಣೇ.”

“ಈಗ ಅದನ್ನೇ ಬೇಯಿಸಿ ಹಾಕ್ತೀನಿ, ತಿನ್ನಿ.”

ಮಾರನೆಯ ದಿನ ಮುನಿರಾಜು ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದ. ಕಾರು ತೊಳೆದ. ಕೀಲಿಯನ್ನು ಕೇದಾರನ ಕೈಗೆ ಕೊಟ್ಟು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. “ಕೆಲ್ಸ ಬಿಟ್ಟಿಲ್ಲ. ಆದ್ರೆ ಈ ಟೈರಿರೋ ತನಕ ಸ್ಟಿಯರಿಂಗ್ ಮುಟ್ಟಲ್ಲ. ಇನ್ನೊಂದು ಉಬ್ಬು ಬಂದ್ರೆ ಕೊಡೋಕೆ ನನ್ನತ್ರ ಇನ್ನೊಂದು ಸಂಬಳ ಇಲ್ಲ” ಎಂದ. ಸಂಜೆಯವರೆಗೆ ಕೂತು ಮನೆಗೆ ಹೋದ. ಮರುದಿನವೂ ಅಷ್ಟೇ. ಕೂರುವುದರಲ್ಲಿ ಅವನಿಗೆ ಅನುಭವವಿತ್ತು. ಈ ಸಲ ಪೊಲೀಸ್ ವ್ಯಾನು ಬರಲಿಲ್ಲ, ವಿಶಾಲಾಕ್ಷಮ್ಮ ಕಳಿಸಿದ ಕಾಫಿ ಬಂತು.

ಹೊರಗಿನ ಡ್ರೈವರನ್ನು ಕರೆಸಿದರೆ ಮುನಿರಾಜು ಅವನ ಕಿವಿಯಲ್ಲಿ ಟೈರಿನ ಬೆಲೆ ಹೇಳುತ್ತಿದ್ದ. ಬಂದವನು ಮುಂಗಡ ಕೂಡ ಕೇಳದೆ ವಾಪಸ್ಸಾಗುತ್ತಿದ್ದ. ಕೊನೆಗೆ ಕೇದಾರನೇ ಓಡಿಸಬೇಕಾಯಿತು. ಅಪ್ಪನನ್ನು ಅಂಗಡಿಗೆ ಬಿಟ್ಟ. ಗಾಂಧಿಬಜಾರಿನಲ್ಲಿ ಹೂವಿನವಳಿಂದ, ಬಸ್ಸಿನವನಿಂದ, ಒಂದು ಹಸುವಿನ ಯಜಮಾನನಿಂದ ಬೈಸಿಕೊಂಡ. ದೋಸೆಯಿಲ್ಲದ ರಸ್ತೆ ಹೇಗಿರುತ್ತದೆಂದು ಅವನು ನೋಡಿದ್ದು ಆಗಲೇ. ಎರಡನೇ ವಾರ ಮಳೆ ನೀರು ತುಂಬಿದ ಗುಂಡಿಯೊಂದರಲ್ಲಿ ಇಳಿಸಿ, ಬಲಗಡೆಯ ಟೈರಿಗೆ ಇನ್ನೂ ದೊಡ್ಡ ಉಬ್ಬು ತರಿಸಿಕೊಂಡು ಬಂದ.

ಮಹಾನಂದ ಟೈರು ನೋಡಿ ಕೆಂಡವಾದ. “ಥೂ, ಏನ್ ರೋಡ್ ಮಾಡವ್ರೆ ಇವ್ರು! ಮನುಷ್ಯರು ಓಡಾಡೋ ರೋಡಾ ಇದು?” ಎಂದ. ಖರ್ಚು ಅಂಗಡಿಯ ಲೆಕ್ಕಕ್ಕೆ ಹೋಯಿತು. ಮುನಿರಾಜು ಕಲ್ಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಉಬ್ಬು ಅದೇ, ಊರೂ ಅದೇ. ಡ್ರೈವರ್ ಇಳಿಸಿದರೆ ಡ್ರೈವರಿನ ತಪ್ಪು, ಮಗ ಇಳಿಸಿದರೆ ರಸ್ತೆಯ ತಪ್ಪು.

ಇನ್ನು ದಿನಾ ಓಡಿಸಲು ಕೇದಾರನಿಂದಾಗಲಿಲ್ಲ, ಗೋಡೌನಿನಿಂದ ಹಳೆಯ ರಿಮ್ಮುಗಳು ಹೊರಬಂದವು. ಈ ಸಲ ಮುರುಗೇಶನ ಅಂಗಡಿಯಲ್ಲಿ ಕೇದಾರ್ ಹಿಂದೆ ನಿಂತ, ಮುನಿರಾಜು ಮುಂದೆ ಬಂದ.

“ದಿನಾ ಓಡಿಸೋಕೆ ಅಂದ್ರೆ ದಪ್ಪ ಹೊಟ್ಟೇದೇ ತಗೊಳ್ಳಿ. ಮಳೇಲಿ ನಿಲ್ಲತ್ತೆ, ಗುಂಡೀನೂ ತಡ್ಕೊಳತ್ತೆ. ಶೋಕಿ ಇಲ್ಲ ಅಷ್ಟೇ” ಎಂದ ಮುರುಗೇಶ.

“ಹಾಕಪ್ಪ. ಶೋಕಿಗೆ ಭಾನುವಾರ ಬೇರೆ ಗಾಡಿ ಬಾಡ್ಗೆಗೆ ತಗೊಳ್ಲಿ” ಎಂದ ಮುನಿರಾಜು. ಕೇದಾರನ ಕಡೆ ತಿರುಗಿ, “ನನ್ನ ದುಡ್ಡು ಸಾರ್?” ಎಂದ.

“ಅದು ಬೇರೆ ವಿಷ್ಯ ಮುನಿರಾಜಣ್ಣ. ಆಗಿದ್ದು ಆಗೋಯ್ತು.”

ವಿಶಾಲಾಕ್ಷಮ್ಮ ಈಗ ಕಾರಿನಲ್ಲೇ ಗವಿಪುರಕ್ಕೆ ಹೋಗುತ್ತಾರೆ. ದಾರಿಯುದ್ದಕ್ಕೂ ನಿದ್ದೆ. ಮುನಿರಾಜು ಪ್ರತಿ ಒಂದನೇ ತಾರೀಖು ಪೇಟೆಯ ಅಂಗಡಿಗೆ ಹೋಗಿ, ಮದುವೆಗೆ ಪಾತ್ರೆ ಕೊಳ್ಳಲು ಬಂದ ಬೀಗರ ಮುಂದೆಯೇ ಬಾಕಿ ಕೇಳುತ್ತಾನೆ. ಮಹಾನಂದ ಅವನ ಕೈಗೆ ಕಾಫಿ ಕೊಡಿಸುತ್ತಾನೆ. ಮುನಿರಾಜು ಕುಡಿದು, ಲೋಟ ಕೆಳಗಿಟ್ಟು, ಮತ್ತೊಮ್ಮೆ ಕೇಳಿ ಬರುತ್ತಾನೆ.

ನಿಮ್ಮ ಮನೆಯಲ್ಲೂ ಒಂದು ಗಾಡಿ ಇರಬಹುದು, ಅದನ್ನು ಓಡಿಸಲು ಒಬ್ಬರಿರಬಹುದು. ನಿಮಗೆ ಬೇಕಾದ ಟೈರು ಹಾಕಿಸಿಕೊಳ್ಳಿ, ಬೇಡ ಅನ್ನುವವರು ಯಾರೂ ಇಲ್ಲ. ಅದು ಒಡೆದ ದಿನ ಓಡಿಸುವವರ ಸಂಬಳಕ್ಕೆ ಕೈ ಹಾಕಬೇಡಿ. ಈಗಾಗಲೇ ಹಾಕಿದ್ದರೆ, ಓದಿದ್ದು ಸಾಕು. ಎದ್ದು ಹೋಗಿ ಕೊಟ್ಟು ಬನ್ನಿ.