ದನ ಕಟ್ಟೋ ಗಂಟು

ಇವತ್ತು ಸ್ವಾತಂತ್ರ್ಯ ದಿನಕ್ಕೆ ನಮ್ಮೂರು ತೆರಕಣಾಂಬಿಯಲ್ಲಿ ಬಾವುಟ ಹಾರಿಸಿದ್ದು ನನ್ನ ಮೊಮ್ಮಗಳು! ಹತ್ತನೇ ಕ್ಲಾಸಿನಲ್ಲಿ ಊರಿಗೇ ಮೊದಲು ಬಂದವಳು. ಹಗ್ಗಕ್ಕೆ ಗಂಟು ಹಾಕಿದ್ದು ನಾನು.

ಆ ಗಂಟು ಕಲಿಸಿದವರು ಊರಿನ ಹಳೇ ಕಲ್ಲು, ಗುಡಿಗಳನ್ನು ನೋಡಿಕೊಳ್ಳುವ ನಮ್ಮ ಪರಂಪರೆ ಸಂಘದ ಟೈಲರಣ್ಣ. ಪ್ರತಿ ವರ್ಷ ಈ ದಿನ ಬೆಳಗ್ಗೆಯೇ ವೀರಗಲ್ಲುಗಳ ಪಾಚಿ ಉಜ್ಜಿ ಬಂದು, ಬಾವುಟದ ಮಡಿಕೆಗೆ ಚೆಂಡುಹೂವಿನ ಎಸಳು ತುಂಬುತ್ತಾ, "ಎಳುದ್ರೆ ಬಿಚ್ಕೋಬೇಕು, ಗಾಳಿಗೆ ಬಿಚ್ಕೋಬಾರ್ದು" ಅನ್ನುತ್ತಿದ್ದರು.

ಒಂದು ವರ್ಷ ಬಾವುಟದ ಕಂಬದ ಸುತ್ತ ಕಸ ಗುಡಿಸಲು ಹೋದ ನಾನು, ಗಂಟು ಸಡಿಲವಾಗಿದೆ ಅಂದುಕೊಂಡು ಮೇಲೊಂದು ಬಿಗಿದುಬಿಟ್ಟೆ. ಅತಿಥಿಗಳು ಎಷ್ಟು ಎಳೆದರೂ ಬಾವುಟ ಬಿಚ್ಚಲಿಲ್ಲ. ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡಿದರು. ಟೈಲರಣ್ಣ ಮಾತ್ರ ಬಾವುಟ ಇಳಿಸಿ ನಕ್ಕರು: "ಇದು ದನ ಕಟ್ಟೋ ಗಂಟು ಕಣವ್ವ. ಬಾವುಟ ಯಾರ ಹೊಲಕ್ಕೂ ನುಗ್ಗಾಕಿಲ್ಲ ಬುಡು." ಹಗ್ಗವನ್ನು ನನ್ನ ಕೈಗೇ ಕೊಟ್ಟು, ಜಾರುಗಂಟು ಹಾಕಿಸಿದರು.

ಈಗ ಅವರಿಲ್ಲ. ಮೊಮ್ಮಗಳು ಹಗ್ಗ ಹಿಡಿದಾಗ ನನ್ನ ಕಣ್ಣೆಲ್ಲ ಗಂಟಿನ ಮೇಲೇ ಇತ್ತು. ಒಂದೇ ಎಳೆತ! ಎಸಳುಗಳು ಕನಸಿನಲ್ಲಿ ಬೀಳುವ ಹಾಗೆ ಮೆಲ್ಲಗೆ ಇಳಿದವು. ಆ ಹಳದಿಯ ನಡುವೆ, ಕೊರಳಿಗೆ ಟೇಪು ಹಾಕಿಕೊಂಡು ಟೈಲರಣ್ಣ ನಿಂತಂತೆ ಕಂಡಿತು.

ಸಂಜೆ ಮನೆಮಂದಿಯೆಲ್ಲ ಕೂತು ಮುದ್ದೆ, ಉಪ್ಸಾರು ಉಣ್ಣುವಾಗ ಮೊಮ್ಮಗಳ ಜಡೆಯಿಂದ ಒಂದು ಎಸಳು ತಟ್ಟೆಗೆ ಉದುರಿತು.

"ಅಜ್ಜಿ, ನಿನ್ ಗಂಟು ಇನ್ನೂ ಬಿಚ್ಕತಾನೇ ಅದೆ ನೋಡು!" ಅಂದಳು.