ಬಿಸಿನೀರಿಗೆ ಕೈಯಿಟ್ಟವರು

ರಾಮನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಅನಿಮೇಷನ್ ಕಲಿಸುವ ಶಿಬಿರದಲ್ಲಿ ಊರಿನ ಹಳೆಯ ಸಂಗತಿಗಳನ್ನು ಹೇಳುವುದು ನನ್ನ ಕೆಲಸ. ರೇಷ್ಮೆಯ ಬಗ್ಗೆ ಚಿತ್ರ ಮಾಡೋಣ ಎಂದಾಗ ನಮ್ಮ ಮನೆಯ ನೆನಪನ್ನೇ ಕೊಟ್ಟೆ: ಅಜ್ಜಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ಎಳೆ ತೆಗೆಯುತ್ತಿದ್ದಳು, ಅಮ್ಮ ಚರಕ ತಿರುಗಿಸುತ್ತಿದ್ದಳು. ಮಕ್ಕಳು ಜೇಡಿಮಣ್ಣಿನ ಗೊಂಬೆಗಳನ್ನು ಒಂದಿಷ್ಟೇ ಸರಿಸಿ ಸರಿಸಿ ಫೋಟೊ ತೆಗೆದರು. ವಾರವೆಲ್ಲ ದುಡಿದರೂ ಚಿತ್ರ ಒಂದು ನಿಮಿಷದಷ್ಟೂ ಆಗಲಿಲ್ಲ.

ಅದನ್ನು ಮೊಬೈಲಿನಲ್ಲಿ ಅಮ್ಮನಿಗೆ ತೋರಿಸಿದೆ.

"ನಿಮ್ಮಜ್ಜಿ ಯಾವತ್ತೂ ನೀರಿಗೆ ಕೈ ಹಾಕ್ಲಿಲ್ಲ ಕಣವ್ವ. ಅವರು ಚರಕ ತಿರುವೋರು. ಬೆಂದಿದ್ದು ನನ್ನ ಕೈ," ಅಂದಳು.

ಅಷ್ಟು ಸ್ಪಷ್ಟವಾದ ನೆನಪು ಎಲ್ಲಿಂದ ಬಂತೋ. ಅಜ್ಜಿಯನ್ನು ಎಲ್ಲರೂ ಹೊಗಳುವುದನ್ನು ಕೇಳಿ ಕೇಳಿ ನಾನೇ ಕಟ್ಟಿಕೊಂಡಿರಬೇಕು. ಅಮ್ಮನನ್ನು ಯಾರಾದರೂ ಹೊಗಳಿದ್ದು ನೆನಪಿಲ್ಲ. ಆದರೆ ನನ್ನ ನೆನಪನ್ನೇ ಈಗ ನಂಬಲಾರೆ.

"ಬುಡು, ಗೊಂಬೆ ಆಟ ತಾನೆ," ಎಂದು ಅಮ್ಮ ಮೊಬೈಲು ವಾಪಸ್ ಕೊಟ್ಟಳು.

ಬೆಳಿಗ್ಗೆ ಮಕ್ಕಳಿಗೆ ವಿಷಯ ಹೇಳಿದೆ. "ಎಲ್ಲಾ ಮೊದ್ಲಿಂದನಾ ಮಿಸ್?" ಎಂದು ಒಬ್ಬಳು ನೆಲದ ಮೇಲೇ ಕೂತುಬಿಟ್ಟಳು. "ಹಿನ್ನೆಲೆ ಮಾತಲ್ಲಿ ಅಜ್ಜಿ ಅನ್ನೋದನ್ನ ಅಮ್ಮ ಅಂತ ಬದಲಾಯಿಸಿದ್ರೆ ಸಾಲ್ದಾ?"

"ಗೊಂಬೆಯ ತಲೆ ಬೆಳ್ಳಗಿದೆಯಲ್ಲ," ಎಂದೆ. ನನಗೂ ಸಾಕಾಗಿತ್ತು. ಬಿಳಿಕೂದಲಿನ ಗೊಂಬೆಯನ್ನು ಎತ್ತಿ ಚರಕದ ಪಕ್ಕ ನಿಲ್ಲಿಸಿ, ಅಮ್ಮನನ್ನು ನೀರಿನ ಮುಂದೆ ಕೂರಿಸಿದೆ.