ಗಾಜಿನೊಳಗೆ ಬೀಸಿದ ಕೈ

ನಮ್ಮ ಅತ್ತಿಗೆಯಷ್ಟು ಅಲುಗಾಡದೆ ಕೂರುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಅತ್ತಿಗೆಯಾದರೂ ನನ್ನ ವಯಸ್ಸಿನವಳೇ, ಹಾಗಾಗಿ ಏಕವಚನ. ಸಭೆಗಳಲ್ಲಿ, ವಿಚಾರಣೆಗಳಲ್ಲಿ ಜನ ಆಡಿದ ಮಾತಿನ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಹೆಡ್‌ಫೋನು ಹಾಕಿಕೊಂಡಳೆಂದರೆ ಮುಗಿಯಿತು, ಬೆರಳು ಬಿಟ್ಟು ಮೈಯಲ್ಲಿ ಬೇರೇನೂ ಮಿಸುಕುವುದಿಲ್ಲ. ಆಫೀಸಿನವರು ಅವಳಿಗಿಟ್ಟ ಹೆಸರು ‘ಪ್ರತಿಮೆ ಮೇಡಂ’. ಅಣ್ಣ ಮರುಳಾದದ್ದೂ ಅದಕ್ಕೇ. ಅವನದು ಕನ್ನಡಕದ ಅಂಗಡಿ. ಕಣ್ಣು ತೋರಿಸಲು ಬಂದವಳು ರೆಪ್ಪೆ ಕೂಡ ಬಡಿಯದೆ ಕೂತಿದ್ದಳಂತೆ. ಇವನೇ ನಂಬರು ತಪ್ಪು ಬರೆದುಬಿಟ್ಟನಂತೆ.

ಅವಳ ಆಫೀಸು ಹೊಸ ಕಟ್ಟಡಕ್ಕೆ ಹೋದದ್ದೇ ಗ್ರಹಚಾರ. ಕರೆಂಟು ಉಳಿಸುವ ಕಟ್ಟಡವಂತೆ. ಮೈತುಂಬ ಗಾಜು, ಗಾಜಿನ ಹೊರಗೆ ಬಿಸಿಲು ತಡೆಯಲು ತಾವೇ ತಿರುಗುವ ತಗಡಿನ ಪಟ್ಟಿಗಳು. ಹೊತ್ತಿಳಿದ ಮೇಲೆ ಪಟ್ಟಿಗಳು ತೆರೆದುಕೊಂಡು ಒಳಗಿನದೆಲ್ಲ ಬೀದಿಗೆ ಕಾಣುತ್ತದೆ. ಕಿಟಕಿ ತೆರೆಯುವಂತಿಲ್ಲ, ಸ್ವಿಚ್ಚು ಹುಡುಕಿದರೂ ಸಿಗುವುದಿಲ್ಲ. ಗಾಳಿ, ತಂಪು, ಬೆಳಕು ಎಲ್ಲವೂ ಕಟ್ಟಡದ ಮರ್ಜಿ. ಕಿಟಕಿ ತೆರೆಯಲಾಗದ ಕಟ್ಟಡವನ್ನು ನಾನಂತೂ ನಂಬುವವಳಲ್ಲ, ಅದು ಬಿಡಿ.

ಒಂದು ಸಂಜೆ ಅವಳನ್ನು ಕರೆತರಲು ಹೋದ ಅಣ್ಣ ಮುಖ ಊದಿಸಿಕೊಂಡು ಬಂದ. ಅವಳು ಸ್ನಾನಕ್ಕೆ ಹೋದದ್ದೇ ತಡ, ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದ.

“ನಿಮ್ಮತ್ತಿಗೆ ಆಫೀಸಲ್ಲಿ ಯಾರಿಗೋ ಕೈ ಬೀಸ್ತಾಳೆ ಕಣೇ.”

“ಬೀಸ್ಲಿ ಬಿಡೋ, ಅವಳ ಕೈ ತಾನೇ?”

“ತಮಾಷೆ ಮಾಡ್ಬೇಡ. ನಾಳೆ ನೀನೇ ಬಂದು ನೋಡು.”

ಹೋದೆ. ಎದುರಿನ ಬಸ್ ಸ್ಟಾಪಿನಲ್ಲಿ ಕಳ್ಳರ ಹಾಗೆ ನಿಂತೆವು. ಕಟ್ಟಡಕ್ಕೆ ರೆಕ್ಕೆಗಳ ಹಾಗೆ ಎರಡು ಭಾಗ, ಎದುರುಬದುರು. ಈಚೆ ರೆಕ್ಕೆಯಲ್ಲಿ ಅತ್ತಿಗೆ, ಎಂದಿನ ಪ್ರತಿಮೆ. ಇದ್ದಕ್ಕಿದ್ದಂತೆ ಅವಳ ಬಲಗೈ ತಲೆಯ ಮೇಲೆದ್ದಿತು, ಅತ್ತಿತ್ತ ಬೀಸಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಆಚೆ ರೆಕ್ಕೆಯಲ್ಲಿ ಬೂದು ಸ್ವೆಟರಿನ ಒಬ್ಬ ಗಂಡಸು ಥೇಟ್ ಹಾಗೆಯೇ ಕೈ ಎತ್ತಿ ಬೀಸಿದ. ಅಯ್ಯೋ, ಇದೇನಪ್ಪಾ ಅಂದುಕೊಂಡೆ.

“ನಗೋದೂ ಇಲ್ಲ ನೋಡು, ಎಷ್ಟು ಹುಷಾರು!” ಎಂದು ಅಣ್ಣ ಹಲ್ಲು ಕಡಿದ.

ನಕ್ಕಿದ್ದರೆ ಅದನ್ನೂ ಸಾಕ್ಷಿ ಅನ್ನುತ್ತಿದ್ದ. ತಲೆಗೆ ಹುಳ ಹೊಕ್ಕ ಮೇಲೆ ಕೇಳಬೇಕೆ? ಅವಳ ಫೋನು ಬಡಿದುಕೊಂಡರೆ ಇವನ ಕಿವಿ ನೆಟ್ಟಗಾಗುತ್ತಿತ್ತು. ಊಟದ ಹೊತ್ತಿಗೆ ಏನೂ ಅರಿಯದವನಂತೆ, “ಆಫೀಸಲ್ಲಿ ನಿನ್ನ ಎದುರುಗಡೆ ಯಾರು ಕೂರ್ತಾರೆ?” ಅನ್ನುವನು. “ಎದುರುಗಡೆ ಕಂಪ್ಯೂಟರ್ ಇದೆ, ಇನ್ಯಾರು ಕೂರ್ತಾರೆ?” ಅನ್ನುವಳು ಅವಳು. ಮುಚ್ಚಿಡುತ್ತಿದ್ದಾಳೆ ಎಂದು ಇವನು ನನ್ನತ್ತ ಕಣ್ಣು ಮಿಟುಕಿಸುವನು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಏಳುತ್ತಿದ್ದೆ.

ಕೊನೆಗೊಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟ. ಅತ್ತಿಗೆ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ರೀ, ಅದು ದೀಪಕ್ಕೆ! ತಲೆ ಮೇಲೆ ಸೆನ್ಸರ್ ಇಟ್ಟಿದಾರೆ. ನಾನು ಅಲುಗಾಡ್ದೆ ಕೂತ್ರೆ ಕುರ್ಚೀಲಿ ಯಾರೂ ಇಲ್ಲ ಅಂದ್ಕೊಂಡು ದೀಪಾನೂ ಆರಿಸುತ್ತೆ, ತಣ್ಣನೆ ಗಾಳೀನೂ ನಿಲ್ಲಿಸುತ್ತೆ. ಸೆಖೇಲಿ ಬೆಂದುಹೋಗ್ತೀನಿ. ಅದಕ್ಕೇ ಆಗಾಗ ಕೈ ಎತ್ತೋದು.”

“ಮತ್ತೆ ಎದುರಿನ ರೆಕ್ಕೆಯವನು?”

“ಯಾವನು?”

“ನನ್ನ ಕಿವಿಗೆ ಹೂ ಇಡ್ಬೇಡ ಕಣೇ!”

ಅವಳ ನಗು ನಿಂತಿತು. “ಆ ಮನುಷ್ಯ ಯಾರು ಅಂತ ನಂಗೊತ್ತಿಲ್ಲ. ನನ್ನ ಮಾತು ನಂಬ್ತೀರೋ ಇಲ್ವೋ? ಅಷ್ಟು ಹೇಳಿ ಸಾಕು.”

ಹೂಂ ಎಂದಿದ್ದರೆ ಮನೆ ಉಳಿಯುತ್ತಿತ್ತು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅತ್ತಿಗೆ ನನ್ನ ಮುಖ ನೋಡಿದಳು. ನನಗೋ ಅರ್ಧ ನಂಬಿಕೆ, ಇನ್ನರ್ಧ ಆ ಬೂದು ಸ್ವೆಟರು.

ಮಾರನೆಯ ಸಂಜೆ ಅಣ್ಣ ಕೇಕಿನ ಡಬ್ಬ ಹಿಡಿದು ಕುಣಿಯುತ್ತಾ ಬಂದ. ಅತ್ತಿಗೆ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು.

“ನೀನು ಹೇಳಿದ್ದು ಸತ್ಯ ಕಣೇ! ನಿಮ್ಮ ಬಿಲ್ಡಿಂಗಿನ ಎಸಿ ಮೆಕ್ಯಾನಿಕ್‌ನ ಹಿಡಿದು ಕೇಳ್ದೆ. ಆ ಸ್ವೆಟರಿನವನು ಲೆಕ್ಕಪತ್ರದವನಂತೆ, ಪಾಪ, ಅವನ ದೀಪಕ್ಕೂ ಅದೇ ರೋಗವಂತೆ. ಈಗ ನಂಗೆ ಪೂರ್ತಿ ನಂಬಿಕೆ ಬಂತು.”

ಅತ್ತಿಗೆ ತಲೆ ಎತ್ತಿದಳು. “ಯಾರ ಮೇಲೆ?”

ಅಣ್ಣ ಕೇಕಿನ ಡಬ್ಬದ ದಾರ ಬಿಚ್ಚತೊಡಗಿದ.

“ನಿನ್ನೆ ನಾನು ಹೇಳಿದ್ದೂ ಇದೇ ಮಾತು” ಎಂದಳು. ದನಿ ಏರಿಸಲಿಲ್ಲ. ಅವನ ಬಟ್ಟೆಗಳನ್ನು ಬೇರೆ ಮಾಡಿ ಮಂಚದ ಮೇಲೆ ಬಿಟ್ಟಳು. ತನ್ನವನ್ನೂ ತನ್ನ ದಿಂಬನ್ನೂ ಎತ್ತಿಕೊಂಡು ನನ್ನ ಕೋಣೆಗೆ ಬಂದು, “ಸ್ವಲ್ಪ ಜರುಗೇ” ಎಂದಳು. ನಾನು ಗೋಡೆಯ ಕಡೆ ಜರುಗಿದೆ. ಅವಳು ಬೆನ್ನು ಮಾಡಿ ಮಲಗಿ ಸದ್ದಿಲ್ಲದೆ ಅತ್ತಳು.

ಅಣ್ಣ ಡಬ್ಬ ಹಿಡಿದುಕೊಂಡೇ ಬಾಗಿಲಿಗೆ ಬಂದ. “ಏನಾಯ್ತೇ ಇವಳಿಗೆ?” ಎಂದು ನನ್ನನ್ನು ಕೇಳಿದ. “ಅನುಮಾನ ಹೋಯ್ತು ಅಂತ ತಾನೇ ನಾನು ಹೇಳಿದ್ದು?”